ಎರಡು ಪೆನ್ಸಿನ ವ್ಯತ್ಯಾಸ

ಶುಕ್ರವಾರ ಸಂಜೆ ಲೀಡ್ಸ್ ಬಿಟ್ಟ ರೈಲು
ಹಡರ್ಸ್‌ಫೀಲ್ಡ್ ದಾಟಿ ಗುಡ್ಡದ ಸುರಂಗಕ್ಕೆ ನುಗ್ಗಿದಾಗ
ಕಿಟಕಿಯ ತುಂಬ ನನ್ನದೇ ಮುಖ:
ನಲವತ್ತಾರು ವರ್ಷ, ಓದುವ ಕನ್ನಡಕ,
ಮಡಿಲಲ್ಲಿ ಮೆತ್ತಗಾದ ಸ್ಯಾಂಡ್‌ವಿಚ್ಚು,
ಅದರಡಿ ಮಾರ್ಕೆಟಿಂಗ್ ಪುಸ್ತಕ.
ತಿಂಗಳಿಗೆರಡು ವಾರಾಂತ್ಯ, ಎರಡು ವರ್ಷ, ಮ್ಯಾಂಚೆಸ್ಟರು.
ಫೀಸು ಎಷ್ಟೆಂದು ಕೇಳಬೇಡಿ.
ಗಂಡನಿಗೇ ಮೊದಲು ಅರ್ಧ ಹೇಳಿದ್ದೆ.

ಹತ್ತೊಂಬತ್ತು ವರ್ಷ ಬಿಸ್ಕತ್ತು ಕಂಪನಿಯ ಲೆಕ್ಕ ನನ್ನದು.
ಒಮ್ಮೆ ಎರಡು ಪೆನ್ಸ್ ತಾಳೆಯಾಗದೆ
ಮೂರು ರಾತ್ರಿ ಕೂತೆ. ಸಿಕ್ಕಿತು.
ಯಾರೂ ಹುಡುಕು ಎಂದಿರಲಿಲ್ಲ.
ಗದಗಿನ ಅಡತಿ ಅಂಗಡಿಯಲ್ಲಿ ಕಿರ್ದಿ ಬರೆಯುತ್ತಿದ್ದ ಸೋದರಮಾವ
ಹಾಳೆಯ ನೆತ್ತಿಗೆ ಶ್ರೀ ಎಳೆದು ಅನ್ನುತ್ತಿದ್ದ:
'ಮಂದಿ ಸುಳ್ಳು ಹೇಳತಾರ ಯವ್ವಾ, ಲೆಕ್ಕ ಹೇಳಂಗಿಲ್ಲ.'
ಆ ಒಂದು ಮಾತನ್ನು
ಸಮುದ್ರ ದಾಟಿಸಿಕೊಂಡು ಬಂದಿದ್ದೆ.

ಮೊದಲ ತರಗತಿ.
ಎಡಕ್ಕೆ ಫುಂಕೆ, ಆಸ್ಪತ್ರೆಯೊಂದರ ಹಿರಿಯ ದಾದಿ,
ಬಲಕ್ಕೆ ಹಡಗು ಕಟ್ಟುವ ಎಂಜಿನಿಯರು,
ಹಿಂದೆ ಮೂರು ತಲೆಮಾರು ಬಿಯರು ಕುದಿಸಿದ ಮನೆಯವನೊಬ್ಬ,
ಅವನಿಗೆ ಆಗಲೇ ತೂಕಡಿಕೆ.
ಪ್ರೊಫೆಸರು ಹಂಚಿದ್ದು ಮುಚ್ಚಿಹೋದ ಕಾರ್ಖಾನೆಯೊಂದರ ಕತೆ.
ಐದೇ ನಿಮಿಷದಲ್ಲಿ ಅನುಪಾತ ತೆಗೆದು ಕೈ ಎತ್ತಿದೆ:
'ಮುಚ್ಚಲೇಬೇಕಿತ್ತು.'
ಉತ್ತರ ಸರಿಯಿತ್ತು. ಈಗಲೂ ಸರಿಯೇ.
ಫುಂಕೆ ಮಾತ್ರ ಹಾಳೆ ತಿರುವುತ್ತ ಕೇಳಿದಳು,
'ರಾತ್ರಿ ಪಾಳಿಯವರಿಗೆ ಯಾರು ಹೇಳಿದರು? ಎಷ್ಟು ಹೊತ್ತಿಗೆ?'

ಅದಕ್ಕೆ ನನ್ನಲ್ಲಿ ಕಾಲಮ್ಮು ಇರಲಿಲ್ಲ.

ಸೋಮವಾರ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ,
ಕೂದಲಿಗೆ ಬಲೆ ಕಟ್ಟಿ ಕೆಳಗಿಳಿದೆ.
ನಾಲ್ಕನೆಯ ಒಲೆ, ಶುಂಠಿ ಬಿಸ್ಕತ್ತಿನ ಘಾಟು.
ಗ್ಲೆನಿಸ್ ಎಂಬಾಕೆ ತಲೆ ಎತ್ತದೆ
ಒಡೆದವನ್ನು ಬುಟ್ಟಿಗೆ ಎಸೆಯುತ್ತಿದ್ದಳು.
ಯಾಕೆ ಇಷ್ಟೊಂದು ಒಡೆಯುತ್ತವೆ?
'ಆ ಬಾಗಿಲು. ರಬ್ಬರು ಹೋಗಿದೆ, ತಣ್ಣನೆ ಗಾಳಿ ಹೊಡೆಯುತ್ತದೆ.
ರಬ್ಬರಿಗೆ ನಾಲ್ಕು ಸಲ ಬರೆದೆ.
ನಾಲ್ಕು ಸಲವೂ ಇಲ್ಲ ಎಂದು ಬಂತು.
ಸಹಿ ಓದಲು ಬರಲಿಲ್ಲ, ನಿಮ್ಮದೇನೋ.'

ನನ್ನದೇ.
ಮೇಲೆ ಬಂದು ಗುಣಿಸಿದೆ, ಭಾಗಿಸಿದೆ:
ಪ್ಯಾಕೆಟ್ಟೊಂದಕ್ಕೆ ಎರಡು ಪೆನ್ಸ್.
ಲೆಕ್ಕ ಸುಳ್ಳು ಹೇಳಿರಲಿಲ್ಲ ಮಾವ,
ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ಪದವಿ ಬಂತು. ಬಾಡಿಗೆ ಗೌನು, ಬಾಡಿಗೆ ಟೊಪ್ಪಿಗೆ,
ಎರಡನ್ನೂ ಖರ್ಚಿಗೆ ಬರೆದುಕೊಂಡೆ.
ನಾನು ಕಣ್ಣಿಟ್ಟಿದ್ದ ನಿರ್ದೇಶಕರ ಕುರ್ಚಿಗೆ
ಲಂಡನ್ನಿನಿಂದ ಬಂದ, ಒಳ್ಳೆಯ ಬೂಟಿನ, ಮೂವತ್ತನಾಲ್ಕರ ಹುಡುಗ ಕೂತ.
ಒಂದು ವಾರ ಅತ್ತೆ. ಒಂದು ವಾರ ಎಂದರೆ ಏಳು ದಿನ, ಪೂರ್ತಿ.
ಆಮೇಲೆ ಬ್ರಾಡ್‌ಫರ್ಡಿನ ಸಣ್ಣ ಬಸ್ ಕಂಪನಿಯೊಂದು ಕರೆಯಿತು:
ಅರವತ್ತೊಂದು ಬಸ್ಸು, ಸೋರುವ ಒಂದು ಶೆಡ್ಡು,
ಸಂಬಳ ಹಿಂದಿನದಕ್ಕಿಂತ ಕಡಿಮೆ.
ಸಾಲದ ಕಂತು ಐವತ್ತೆರಡರ ತನಕ ಇದೆ.
ಇಷ್ಟೆಲ್ಲ ಓದಿ ಇದಕ್ಕಾ ಅಂದ ಗಂಡ.
ಅವನ ಪ್ರಶ್ನೆಯನ್ನು ಬಾಕಿ ಎಂದು ತೋರಿಸಿ
ಮುಂದಿನ ವರ್ಷಕ್ಕೆ ಒಯ್ದಿದ್ದೇನೆ.

ಮೊನ್ನೆ ಡ್ರೈವರ್ ತಾಹಿರ ಬಂದಿದ್ದಳು,
ಗುಡ್ಡದ ಮೇಲಿನ ಕೊನೆಯ ನಿಲ್ದಾಣಕ್ಕೆ
ಒಂದು ಶೌಚಾಲಯ, ಆದರೆ ಒಂದು ಹೀಟರು.
ಈಗಲೂ ನಾನು ಇಲ್ಲ ಎನ್ನುವವಳೇ,
ಹತ್ತಕ್ಕೆ ಏಳು ಸಲ.
ಆದರೆ ಮೊದಲು ಆ ಬಸ್ಸು ಹತ್ತಿ,
ಕಟ್ಟಕಡೆಗೆ ಇಳಿದು,
ಅಲ್ಲಿ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆಂದು
ಅರ್ಧ ಗಂಟೆ ನಿಂತು ನೋಡಿ ಬಂದು, ಎನ್ನುತ್ತೇನೆ.

ಟಿಕೆಟ್ಟು ನನ್ನ ದುಡ್ಡಿನದು.